ಅಂದಾಜು ಬಿಟ್ಟು ತೂಕ ಹಾಕಿದ್ರೆ
ಅಮೆರಿಕದಲ್ಲಿ ಬಸುರಿ-ಬಾಣಂತನದ ತೊಂದರೆಯಿಂದ ಸಾಯೋ ಕಪ್ಪು ಹೆಂಗಸರ ಪ್ರಮಾಣ ಬಿಳಿಯರಿಗಿಂತ ಸುಮಾರು 3 ಪಟ್ಟು, ದುಡ್ಡಿದ್ರೆ ಬಚಾವ್ ಅನ್ನೋ ಹಾಗೂ ಇಲ್ಲ, 2017ರಲ್ಲಿ ಸಿಸೇರಿಯನ್ ಆದ ಮಾರನೇ ದಿನ ಉಸಿರು ಕಟ್ಟಿ, ಸಿಟಿ ಸ್ಕ್ಯಾನ್ ಮಾಡಿ, ರಕ್ತ ಹೆಪ್ಪುಗಟ್ಟದ ಹಾಗೆ ತಡೆಯೋ ಹೆಪರಿನ್ ಕೊಡಿ ಅಂತ ಟೆನಿಸ್ ತಾರೆ ಸೆರೆನಾ ವಿಲಿಯಮ್ಸ್ ಬಾಯ್ಬಿಟ್ಟು ಕೇಳಿದ್ರೂ ನರ್ಸು ಅದನ್ನ ನೋವಿನ ಔಷಧಿ ಮಂಪರು ಅಂದ್ಕೊಂಡ್ರಂತೆ! ಕೊನೆಗೆ ಸ್ಕ್ಯಾನಲ್ಲಿ ನೋಡಿದ್ರೆ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿತ್ತು.

ಕ್ಯಾಲಿಫೋರ್ನಿಯಾದ ಆಸ್ಪತ್ರೆಗಳು ಒಟ್ಟಾಗಿ ಮಾಡಿದ ಕೆಲಸ ನಂಗಿಷ್ಟ ಆಯ್ತು. ಹೆರಿಗೇಲಿ ಹೋದ ರಕ್ತನ ಕಣ್ಣಂದಾಜಲ್ಲಿ ಹೇಳೋದು ಬಿಟ್ಟು ನೆಂದ ಬಟ್ಟೆ, ಪ್ಯಾಡ್ ಎಲ್ಲ ತೂಕ ಹಾಕೋದು, ಇಷ್ಟು ದಾಟಿದ್ರೆ ಔಷಧಿ ಸಾಮಾನು ತುಂಬಿದ ಗಾಡಿ ಬೆಡ್ ಹತ್ರ ಬರ್ಲೇಬೇಕು, ಯಾರೇ ಮಲಗಿರ್ಲಿ. ರಕ್ತಸ್ರಾವದಿಂದ ಆಗೋ ಗಂಭೀರ ತೊಂದರೆಗಳಲ್ಲಿ ಕಪ್ಪು-ಬಿಳಿ ಅಂತರ ಕಮ್ಮಿ ಆಯ್ತು, ಪೂರ್ತಿ ಹೋಗ್ಲಿಲ್ಲ. ರಕ್ತನ ತೂಕ ಹಾಕಬಹುದು ಸರಿ, ಬಾಣಂತಿ ತಲೆನೋವು ಅಂದ್ರೆ? ಬಿಪಿ ಏರಿರೋದಕ್ಕೆ ಎಷ್ಟೋ ಸಲ ಅದೇ ಸುಳಿವು, ಅದನ್ನ ಯಾರಾದ್ರೂ ಕೂತು ಕೇಳಿಸ್ಕೊಳ್ಬೇಕಲ್ಲ…