ಹೆಬ್ಬೆಟ್ಟು ಮೂಡದ ಒಪ್ಪಿಗೆ ಪತ್ರ

ಶಿಡ್ಲಘಟ್ಟಕ್ಕೆ ಹೊರಟಾಗ ನನ್ನ ಬ್ಯಾಗಿನಲ್ಲಿ ಮೂವತ್ತು ಒಪ್ಪಿಗೆ ಪತ್ರ, ನಾಲ್ಕು ಪೆನ್ನು, ಒಂದು ಸ್ಟ್ಯಾಂಪ್ ಪ್ಯಾಡ್ ಇದ್ದವು. ವಾಪಸ್ ಬಂದಾಗ ತುಂಬಿದ ಪತ್ರ ಹನ್ನೊಂದು, ಪೆನ್ನು ಒಂದು.

2025ರ ಬೇಸಿಗೆ. ರೇಷ್ಮೆ ನೂಲು ಬಿಚ್ಚುವವರ ಬಗ್ಗೆ ಹನ್ನೆರಡು ನಿಮಿಷದ ವಿಡಿಯೊ ಮಾಡಿಕೊಡುವ ಕೆಲಸ ಸಿಕ್ಕಿತ್ತು. ಕ್ಯಾಮೆರಾ ಗೆಳೆಯನದು, ಮಿಕ್ಕ ಓಡಾಟವೆಲ್ಲ ನನ್ನದು. ಮುಖ ಕಾಣುವ ಪ್ರತಿಯೊಬ್ಬರ ಸೈನ್ ಬೇಕೇ ಬೇಕು ಅಂತ ಕೆಲಸ ಕೊಟ್ಟವರು ಎರಡು ಪುಟದ ಇಂಗ್ಲಿಷ್ ಫಾರ್ಮ್ ಕಳಿಸಿದ್ದರು. ಜಗತ್ತಿನಲ್ಲಿ ಎಲ್ಲಿ ಬೇಕಾದರೂ, ಯಾವ ಮಾಧ್ಯಮದಲ್ಲಾದರೂ, ಯಾವತ್ತಿಗೂ ಬಳಸಬಹುದು ಅಂತ ಅದರಲ್ಲಿತ್ತು. ನಮ್ಮ ಕಡೆ ಜಮೀನು ಮಾರುವಾಗಲೂ ಇಷ್ಟು ಧಾರಾಳವಾಗಿ ಯಾರೂ ಬರೆದುಕೊಡುವುದಿಲ್ಲ. ರಾತ್ರಿ ಕೂತು ಅದನ್ನು ಅರ್ಧ ಪುಟ ಕನ್ನಡಕ್ಕೆ ಇಳಿಸಿದೆ. ಆ ಸಾಲನ್ನು ಮಾತ್ರ ಬಿಡಲು ಅವರು ಒಪ್ಪಲಿಲ್ಲ.

ಬೆಳಿಗ್ಗೆ ಗೂಡಿನ ಮಾರುಕಟ್ಟೆ. ಅಲ್ಲಿ ಅಷ್ಟು ತಲೆನೋವಾಗಲಿಲ್ಲ. ಮೊದಲೇ ಅನುಮತಿ ತೆಗೆದುಕೊಂಡಿದ್ದೆವು. ಗೇಟಿನ ಹತ್ತಿರ ‘ಇಲ್ಲಿ ಚಿತ್ರೀಕರಣ ನಡೆಯುತ್ತಿದೆ, ಬೇಡವೆಂದವರು ನಮಗೆ ತಿಳಿಸಿ’ ಅಂತ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದೆವು. ನೂರಾರು ಜನ ಓಡಾಡುವ ಕಡೆ ಒಬ್ಬೊಬ್ಬರ ಸೈನ್ ಹಾಕಿಸಲು ಆಗುತ್ತಾ? ಹತ್ತಿರದಿಂದ ಮಾತಾಡಿಸಿದ ನಾಲ್ಕು ಜನರಿಂದ ಮಾತ್ರ ಪತ್ರ ಬರೆಸಿಕೊಂಡೆ. ಪತ್ರ ಕೈಯಲ್ಲಿ ಹಿಡಿಸಿ ಒಂದು ಫೋಟೊನೂ ತೆಗೆದುಕೊಂಡೆ. ಇಲ್ಲದಿದ್ದರೆ ಎರಡು ವಾರ ಬಿಟ್ಟು ಯಾವ ಪತ್ರ ಯಾರದು ಅಂತ ದೇವರಿಗೂ ಗೊತ್ತಾಗಲ್ಲ. ರೈತರೊಬ್ಬರು ಸೈನ್ ಹಾಕಿ, ನನ್ನ ಪೆನ್ನನ್ನೇ ಜೇಬಿಗೆ ಸಿಕ್ಕಿಸಿಕೊಂಡು ಹೋದರು. ಕೇಳೋಕೆ ನಾಚಿಕೆ ಆಯಿತು.

ನಿಜವಾದ ಕೆಲಸ ಶುರುವಾಗಿದ್ದು ನೂಲು ಬಿಚ್ಚುವ ಘಟಕದಲ್ಲಿ.

ಉದ್ದನೆ ಶೀಟಿನ ಮನೆ. ಸಾಲಾಗಿ ಬೇಸಿನ್‌ಗಳು, ಹಬೆ, ಬೆಂದ ಹುಳದ ವಾಸನೆ. ಆ ವಾಸನೆ ಎರಡು ದಿನ ನನ್ನ ಶರ್ಟು ಬಿಡಲಿಲ್ಲ. ಗೂಡಿನ ಎಳೆಗಳನ್ನು ಹಿಡಿದಿಟ್ಟಿರುವುದು ಸೆರಿಸಿನ್ ಎಂಬ ಅಂಟು. ಬಿಸಿನೀರಿಗೆ ಅದು ಸಡಿಲವಾದ ಮೇಲೆಯೇ ಎಳೆಯ ತುದಿ ಸಿಗುವುದು. ಒಂದು ಗೂಡಿನ ಎಳೆ ಕಣ್ಣಿಗೆ ಕಾಣುವುದೇ ಕಷ್ಟ. ಹಾಗಾಗಿ ಎಷ್ಟೋ ಗೂಡುಗಳ ಎಳೆ ಕೂಡಿಸಿ ಒಂದು ನೂಲು ಮಾಡುತ್ತಾರೆ. ತುದಿ ಹುಡುಕುವುದು, ತುಂಡಾದರೆ ಕೂಡಿಸುವುದು, ಎಲ್ಲ ಬೆರಳಿನ ಕೆಲಸ. ಬೆರಳು ಇಡೀ ದಿನ ನೀರಲ್ಲೇ.

ಮಾಲೀಕರು ಸೈನ್ ಹಾಕಿಕೊಟ್ಟು, ಮೆಲ್ಲಗೆ ಪಕ್ಕಕ್ಕೆ ಕರೆದರು. "ಸಾರ್, ಆ ಹುಡುಗ ಫ್ರೇಮಲ್ಲಿ ಬರೋದು ಬೇಡ. ಅಮ್ಮನಿಗೆ ಊಟ ತಂದಿದಾನೆ ಅಷ್ಟೇ. ವಿಡಿಯೊ ನೋಡಿದವರು ಕೆಲಸಕ್ಕೆ ಇಟ್ಕೊಂಡಿದಾರೆ ಅಂತಾರೆ." ಹುಡುಗ ಬಾಗಿಲಲ್ಲಿ ಡಬ್ಬಿ ಹಿಡಿದು ನಿಂತಿದ್ದ. ಹದಿನೆಂಟು ತುಂಬದವರ ಸೈನ್ ಹೇಗೂ ನಡೆಯುವುದಿಲ್ಲ, ಅಪ್ಪ ಅಮ್ಮನೇ ಹಾಕಬೇಕು. ಅವನನ್ನು ಬಿಟ್ಟೇ ಫ್ರೇಮ್ ಇಟ್ಟೆವು.

ಮೂರನೇ ಬೇಸಿನ್‌ನಲ್ಲಿದ್ದ ಅಕ್ಕನ ಕೆಲಸ ನೋಡಿಯೇ ಗೆಳೆಯ, "ಇವರೇ ನಮ್ಮ ಸಿನಿಮಾ" ಅಂದ. ಐವತ್ತರ ಆಸುಪಾಸು. ನಾನು ಪತ್ರ ಚಾಚಿದ ಕೂಡಲೇ ಅವರ ಮುಖ ಬದಲಾಯಿತು.

"ಸಂತಕಂ ಎಂದುಕು?" ಸೈನ್ ಯಾಕೆ ಅಂತ ಪಕ್ಕದವರನ್ನು ತೆಲುಗಿನಲ್ಲಿ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಲೋನಾ?"

ಅವರ ಭಯ ಸುಮ್ನೆ ಬಂದದ್ದಲ್ಲ. ಸಾಲ ವಸೂಲಿಯವರ ಕಾಟ ತಡೆಯಲು ಸರ್ಕಾರ ಸುಗ್ರೀವಾಜ್ಞೆಯನ್ನೇ ತಂದಿದ್ದು ಅದೇ ವರ್ಷ ಫೆಬ್ರವರಿಯಲ್ಲಿ. ಗುಂಪಿನ ಸಾಲಕ್ಕೆ ಇನ್ನೊಬ್ಬರ ಪರವಾಗಿ ಸೈನ್ ಹಾಕಿ ಕೈ ಸುಟ್ಟುಕೊಂಡವರು ಯಾವ ಬೀದಿಯಲ್ಲಿಲ್ಲ? ಇಂಥ ಕಡೆ ಅಪರಿಚಿತನೊಬ್ಬ ಕಾಗದ, ಪ್ಯಾಡು ಹಿಡಿದು ನಗುತ್ತಾ ಬಂದರೆ ನಾನಾಗಿದ್ದರೂ ಓಡಿಹೋಗುತ್ತಿದ್ದೆ.

ಪತ್ರ ಮಡಚಿಟ್ಟು ಪಕ್ಕದಲ್ಲೇ ಕೂತೆ. ವಿಡಿಯೊ ಯಾರು ನೋಡುತ್ತಾರೆ, ದುಡ್ಡು ಸಿಗುತ್ತಾ, ಬೇಡ ಅಂದರೆ ಮಾಲೀಕರು ಬೈತಾರಾ ಅಂತ ಅವರೇ ಕೇಳಿದರು. ಕೊನೆಯ ಪ್ರಶ್ನೆ ಕೇಳುವಾಗ ದನಿ ಇಳಿಯಿತು. ಮಾಲೀಕರು ಅಲ್ಲೇ ಓಡಾಡುತ್ತಿದ್ದರು. ಚಹಾ ತರಿಸಿ ಅಂತ ಅವರನ್ನು ಹೊರಗೆ ಕಳಿಸಿದೆ. ನನ್ನ ಫಾರ್ಮಿನಲ್ಲಿ ಇದಕ್ಕೊಂದು ಸಾಲೂ ಇರಲಿಲ್ಲ ನೋಡಿ. ಅನ್ನ ಕೊಡುವವನು ಎದುರಿಗೆ ನಿಂತಿದ್ದಾಗ ಹೂಂ ಅಂದರೆ ಅದು ಯಾವ ಹೂಂ?

ಮಾಲೀಕರು ಚಹಾ ತರುವಷ್ಟರಲ್ಲಿ ಅಕ್ಕ ಹೆಬ್ಬೆಟ್ಟು ಒತ್ತಿದ್ದರು. ಕಾಗದ ನೋಡಿದರೆ ಬರೀ ನೀಲಿ ಮಚ್ಚೆ. ಗೆರೆಯೇ ಇಲ್ಲ. ಬೆರಳು ಒರೆಸಿ ಮತ್ತೆ ಒತ್ತಿದರು. ಮತ್ತೆ ಮಚ್ಚೆ.

"ರೇಷನ್ ಅಂಗಡಿ ಮೆಷಿನ್‌ಗೇ ನನ್ನ ಬೆರಳು ಗೊತ್ತಾಗಲ್ಲಪ್ಪಾ. ನಿನ್ನ ಕಾಗದಕ್ಕೆ ಗೊತ್ತಾಗುತ್ತಾ?" ಅಂತ ನಕ್ಕರು.

ಖಾಸಗಿತನ ನಮ್ಮ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತಲ್ಲ, ಅದು ಬಂದದ್ದೇ ಆಧಾರ್ ಕೇಸಿನಿಂದ. ಕೇಸು ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹಿಂದಿನ ರಾತ್ರಿ ಫಾರ್ಮ್ ಬರೆಯುವಾಗ ಇದನ್ನೆಲ್ಲ ಓದಿ ಬೀಗಿದ್ದೆ. ಮಚ್ಚೆ ಬಿದ್ದ ಕಾಗದ ಕೈಯಲ್ಲಿ ಹಿಡಿದಾಗ ಏನು ಹೇಳಬೇಕೋ ತೋಚಲಿಲ್ಲ. ಕ್ಯಾಮೆರಾ ಮುಂದೆ ಹೆಸರು, ತಾರೀಖು ಹೇಳಿಸಿ, "ನಾನು ಒಪ್ಪಿದೀನಿ" ಅಂತ ರೆಕಾರ್ಡ್ ಮಾಡಿಕೊಂಡೆವು. ಬಾಯಿಮಾತಿನ ಈ ಒಪ್ಪಿಗೆಯೂ ಮುಂದೆ ಕೆಲಸಕ್ಕೆ ಬರುತ್ತದೆ.

ಸಂಜೆ ಹೊರಡುವ ಮುಂಚೆ ಶೂಟ್ ಮಾಡಿದ್ದನ್ನು ಸಣ್ಣ ಪರದೆಯಲ್ಲಿ ಅವರಿಗೆ ತೋರಿಸಿದೆವು. ಮುಖ ಬಂದಾಗ ಸೆರಗು ಸರಿ ಮಾಡಿಕೊಂಡು ನಕ್ಕರು. ಆಮೇಲೆ ಕೈ ಬಂತು. ಗೆಳೆಯ ತೆಗೆದ ಅತ್ಯುತ್ತಮ ಶಾಟ್ ಅದು. ಬಿಳಿಚಿ ಮುದುರಿದ ಬೆರಳು, ಉಗುರಿನ ಸುತ್ತ ಸುಲಿದ ಚರ್ಮ, ನಡುವೆ ಕೂದಲಿಗಿಂತ ಸಣ್ಣ ಎಳೆ.

"ಇದು ಬೇಡ," ಅಂದರು.

"ಮುಖ ಕಾಣಲ್ಲ ಅಕ್ಕ ಇದರಲ್ಲಿ. ನೀವೇ ಅಂತ ಯಾರಿಗೂ ಗೊತ್ತಾಗಲ್ಲ."

"ಮುಖ ಹಾಕ್ಕೊಳ್ಳಿ, ಎಷ್ಟು ಬೇಕಾದ್ರೂ ಹಾಕ್ಕೊಳ್ಳಿ. ಕೈ ಬೇಡ. ಮಗಳಿಗೆ ಗಂಡು ನೋಡ್ತಿದೀವಿ."

ಮುಖ ಗುಟ್ಟು, ಕೈಗೆಂಥ ಗುಟ್ಟು ಅಂದುಕೊಂಡಿದ್ದವನು ನಾನು. ಪತ್ರದ ಕೆಳಗೆ ಪೆನ್ನಿನಲ್ಲಿ ‘ಕೈಗಳ ಹತ್ತಿರದ ಚಿತ್ರ ಬಳಸುವುದಿಲ್ಲ’ ಅಂತ ಬರೆದು ಓದಿ ಹೇಳಿದೆ. ಅದರ ಪಕ್ಕ ಇನ್ನೊಂದು ನೀಲಿ ಮಚ್ಚೆ ಬಿತ್ತು.

ಎಡಿಟಿಂಗ್ ವೇಳೆ ಕೆಲಸ ಕೊಟ್ಟವರು ಆ ಶಾಟಿಗೇ ಮರುಳಾದರು. "ಯಾವ ಮಾಧ್ಯಮದಲ್ಲಾದರೂ ಅಂತ ಅಚ್ಚಾಗಿದೆಯಲ್ರೀ, ಹೆಬ್ಬೆಟ್ಟೂ ಇದೆ. ಹಾಕಿ." ಕೆಳಗಿನ ಸಾಲು ತೋರಿಸಿದೆ. ಕೈಬರಹಕ್ಕೆ ಬೆಲೆ ಇಲ್ಲ ಅಂದರು. ಅಕ್ಷರ ಕೈಯದಾದರೂ ಕಾಗದ ಅದೇ ತಾನೇ? ಎರಡು ದಿನ ಜಗ್ಗಾಡಿದೆವು. ಕೊನೆಗೆ ಶಾಟ್ ಹೋಯಿತು, ನನ್ನ ಕೊನೆ ಕಂತಿನ ದುಡ್ಡು ತಿಂಗಳುಗಟ್ಟಲೆ ತಡವಾಯಿತು. ಕೈಯಿದ್ದ ಜಾಗಕ್ಕೆ ತಿರುಗುವ ರಾಟೆ, ಹೊಳೆಯುವ ನೂಲು, ಅಕ್ಕನ ಮುಖ ಬಂದವು.

ವಿಡಿಯೊ ಮುಗಿದ ಮೇಲೆ ಮೊಬೈಲಿನಲ್ಲಿ ಹಾಕಿಕೊಂಡು ಅವರಿಗೆ ತೋರಿಸಲು ಹೋದೆ. ಒದ್ದೆ ಕೈ ಸೀರೆಗೆ ಒರೆಸಿಕೊಂಡು, ಫೋನ್ ಮುಟ್ಟದೆ, ನಾನು ಹಿಡಿದಂತೆಯೇ ಎರಡು ಸಲ ನೋಡಿದರು.

"ಚೆನ್ನಾಗಿದೆ," ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಆದ್ರೆ ನೀರು ತಣ್ಣಗಿದ್ದಂಗೆ ಕಾಣುತ್ತೆ, ಅಲ್ವಾ?"