ಮತ್ತೆ ಬೆಳಗ್ಗೆ ಆರು ಗಂಟೆ

‘ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಓಡಿಹೋಗುತ್ತೆ’ ಅನ್ನುತ್ತಿದ್ದರು ನಮ್ಮಜ್ಜಿ. ಇಲ್ಲಿ ಅಮೆರಿಕದಲ್ಲಿ ಆ ಮಾತು ಹೇಳೋದು ಒಂದು ಪ್ರಾಣಿ. ಫೆಬ್ರವರಿ 2ರಂದು ಗ್ರೌಂಡ್‌ಹಾಗ್ ಅನ್ನೋ, ಅಳಿಲಿನ ಜಾತಿಯ ದಪ್ಪ ಪ್ರಾಣಿ ಬಿಲದಿಂದ ಹೊರಗೆ ಬಂದಾಗ ತನ್ನ ನೆರಳು ಕಂಡರೆ ಇನ್ನೂ ಆರು ವಾರ ಚಳಿ ಅಂತ ಲೆಕ್ಕ.

ಅದನ್ನು ನೋಡೋಕೆ ನಸುಕಿನಲ್ಲೇ ಎದ್ದು ಷಿಕಾಗೋ ಕಡೆಯಿಂದ ವುಡ್‌ಸ್ಟಾಕ್ ಅನ್ನೋ ಸಣ್ಣ ಊರಿಗೆ ಹೋಗಿದ್ದೆ. ನೆರಳು ಬಿತ್ತೋ ಇಲ್ಲವೋ, ಜನರ ಗುಂಪಿನ ಹಿಂದೆ ನಿಂತ ನನಗೆ ಕಾಣಿಸಲಿಲ್ಲ. ನಾನು ಹೋಗಿದ್ದು ನಿಜವಾಗಿ ಸಿನಿಮಾಕ್ಕಾಗಿ. 1993ರ ‘ಗ್ರೌಂಡ್‌ಹಾಗ್ ಡೇ’. ಕಥೆ ನಡೆಯೋದು ಪೆನ್ಸಿಲ್ವೇನಿಯಾದ ಪಂಕ್ಸಟಾನಿಯಲ್ಲಿ, ಆದರೆ ಹೆರಾಲ್ಡ್ ರೇಮಿಸ್ ಚಿತ್ರ ತೆಗೆದದ್ದು ಈ ವುಡ್‌ಸ್ಟಾಕ್ ಚೌಕದಲ್ಲಿ. ನಾಯಕ ನಟ ಬಿಲ್ ಮರ್ರಿ ನೀರಿನ ಗುಂಡಿಗೆ ಕಾಲಿಟ್ಟ ಜಾಗದಲ್ಲಿ ಒಂದು ಫಲಕ ಹಾಕಿದ್ದಾರೆ. ಒಂದು ಪುಟ್ಟ ಹುಡುಗಿ ತನ್ನ ಬೂಟಿನಿಂದ ಅದರ ಮೇಲಿನ ಮಂಜು ಸರಿಸುತ್ತಿದ್ದಳು.

ಸಿನಿಮಾದ ನಾಯಕ ಟೀವಿಯಲ್ಲಿ ಹವಾಮಾನ ಹೇಳುವ ಒಬ್ಬ ಸಿಡುಕ. ಅವನಿಗೆ ಒಂದೇ ದಿನ ಮತ್ತೆ ಮತ್ತೆ ಬರುತ್ತೆ. ಬೆಳಗ್ಗೆ ಆರಕ್ಕೆ ರೇಡಿಯೊದಲ್ಲಿ ಅದೇ ಹಾಡು, ಹೊರಗೆ ಅದೇ ಫೆಬ್ರವರಿ 2. ಯಾಕೆ ಹೀಗಾಯ್ತು, ಎಷ್ಟು ದಿನ ನಡೀತು, ಸಿನಿಮಾ ಹೇಳೋದೇ ಇಲ್ಲ. ಅದಕ್ಕೇ ಇದು ಹಳೆಯದಾಗಿಲ್ಲ ಅಂತ ನನ್ನ ನಂಬಿಕೆ. ಆ ಖಾಲಿ ಜಾಗದಲ್ಲಿ ನೋಡುವವರು ತಮ್ಮ ದಿನಗಳನ್ನೇ ಇಟ್ಟುಕೊಳ್ಳುತ್ತಾರೆ. ಮಂಜು ಎತ್ತಿಹಾಕೋದು, ಕೆಲಸ, ಐದಕ್ಕೆಲ್ಲ ಕತ್ತಲು. ಇಲ್ಲಿನ ಜನವರಿ ಕಂಡವರಿಗೆ ಗೊತ್ತು.

ಮೈಸೂರಿನ ಹಾಸ್ಟೆಲಿನಲ್ಲಿ ಮೊದಲು ನೋಡಿದಾಗ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆ. ಆ ಮುದುಕನ ದೃಶ್ಯ ಆಗ ಕಣ್ಣಿಗೇ ಬಿದ್ದಿರಲಿಲ್ಲ. ರಸ್ತೆಬದಿಯಲ್ಲಿ ಕೈಚಾಚುವ ಅಜ್ಜ. ಮೊದಲು ಇವನು ಜೇಬು ತಟ್ಟಿಕೊಂಡು, ಕಾಸಿಲ್ಲ ಅನ್ನೋ ಹಾಗೆ ಮುಂದೆ ಹೋಗುತ್ತಾನೆ. ಆಮೇಲೊಂದು ರಾತ್ರಿ ಅವನನ್ನು ‘ಫಾದರ್’ ಅಂತ ಕರೆದು ಬೆಚ್ಚಗಿನ ಜಾಗಕ್ಕೆ ಕರೆದೊಯ್ಯುತ್ತಾನೆ, ಆದರೆ ಅಜ್ಜ ಸಾಯುತ್ತಾನೆ. ಮರುದಿನ, ಅಂದರೆ ಅದೇ ದಿನ, ಇವನು ಅವನಿಗೆ ಸೂಪ್ ಕುಡಿಸುತ್ತಾನೆ. ಆದರೂ ಉಳಿಯೋದಿಲ್ಲ. ಕೊನೆಗೆ ಗಲ್ಲಿಯಲ್ಲಿ ಬಾಯಿಗೆ ಬಾಯಿಟ್ಟು ಉಸಿರು ತುಂಬಿ, ಸೋತು, ಆಕಾಶ ನೋಡುತ್ತಾನೆ. ಪಿಯಾನೊ ಕಲಿತ, ಮಂಜುಗಡ್ಡೆಯಲ್ಲಿ ಮುಖ ಕೆತ್ತೋದು ಕಲಿತ. ಇದೊಂದು ಮಾತ್ರ ಅವನ ಕೈಲಿ ಆಗಲಿಲ್ಲ. ನಗಿಸೋ ಸಿನಿಮಾದ ನಡುವೆ ಇದನ್ನಿಡೋಕೆ ಎಷ್ಟು ಧೈರ್ಯ ಬೇಕು, ಅಲ್ವಾ?

ಗ್ರೌಂಡ್‌ಹಾಗ್ ಹಬ್ಬಕ್ಕೆ ವುಡ್‌ಸ್ಟಾಕ್‌ನ ಥಿಯೇಟರಿನಲ್ಲಿ ಈ ಸಿನಿಮಾವನ್ನೇ ಹಾಕುತ್ತಾರೆ. ಆ ದೃಶ್ಯ ಬಂದಾಗ ಪಾಪ್‌ಕಾರ್ನ್ ಸದ್ದೂ ನಿಂತಿತು.

ರಾತ್ರಿ ಎಂಟಕ್ಕೆ ಅಪ್ಪನ ಫೋನು. ಅಲ್ಲಿ ಆಗಷ್ಟೇ ಬೆಳಗಾಗಿರುತ್ತೆ. ಹನ್ನೊಂದು ವರ್ಷದಿಂದ ಅವೇ ಪ್ರಶ್ನೆಗಳು. ‘ಊಟ ಆಯ್ತಾ? ಚಳಿ ಜಾಸ್ತಿನಾ? ಯಾವಾಗ ಬರ್ತೀಯ?’ ಎಷ್ಟೋ ಸಲ ಲ್ಯಾಪ್‌ಟಾಪ್ ನೋಡುತ್ತಲೇ ಹೂಂಗುಟ್ಟಿದ್ದೇನೆ. ಅವತ್ತು ಪಾತ್ರೆ ತೊಳೆಯೋದು ಬಿಟ್ಟು ಕುರ್ಚಿ ಎಳೆದುಕೊಂಡು ಕೂತೆ. ‘ಊಟ ಆಯ್ತಪ್ಪ. ಬೇಳೆ ಸಾರು. ಸ್ವಲ್ಪ ಉಪ್ಪು ಜಾಸ್ತಿಯಾಗಿತ್ತು. ನಿಮ್ಮ ತಿಂಡಿ ಏನು?’