ಲಿಫ್ಟ್ ಮೇಲಿನ ಗಾಡಿ ಯಾವುದಕ್ಕೆ ಕಾಯುತ್ತಿದೆ?

ಮಧ್ಯಾಹ್ನ ಮೂರು ಗಂಟೆಗೆ ಕೆಲಸ ತುಂಬಿದ ಒಂದು ಗ್ಯಾರೇಜಿನಲ್ಲಿ ಹತ್ತು ನಿಮಿಷ ಸುಮ್ಮನೆ ನಿಂತು ನೋಡಿ. ನಾಲ್ಕು ಗಾಡಿ ಬಿಚ್ಚಿಟ್ಟಿರುತ್ತವೆ. ಕೈ ಆಡುತ್ತಿರುವುದು ಒಂದರ ಮೇಲೋ ಎರಡರ ಮೇಲೋ ಅಷ್ಟೇ. ಉಳಿದವುಗಳಲ್ಲಿ ಒಂದಕ್ಕೆ ಗಿರಾಕಿ ಇನ್ನೂ ಒಪ್ಪಿಗೆ ಕೊಟ್ಟಿಲ್ಲ, ಏಕೆಂದರೆ ಅವರಿಗೆ ಫೋನೇ ಹೋಗಿಲ್ಲ. ಇನ್ನೊಂದಕ್ಕೆ ಬಂದ ಬೇರಿಂಗ್ ಅಳತೆ ಬೇರೆ. ಮಾಲೀಕರು ಮಾತ್ರ ಮೂರನೆಯ ಗಾಡಿಯ ಬಾನೆಟ್ ಒಳಗೆ ತಲೆ ಹಾಕಿ ಬೆವರು ಸುರಿಸುತ್ತಿರುತ್ತಾರೆ.

ಗ್ಯಾರೇಜ್ ಕಟ್ಟಿದವರಲ್ಲಿ ಬಹಳ ಮಂದಿ ಕೈಕೆಲಸದಿಂದಲೇ ಮೇಲೆ ಬಂದವರು. ಕೆಲಸ ನಿಂತಾಗ ಸ್ಪ್ಯಾನರ್ ಹಿಡಿಯುವುದು ಅವರಿಗೆ ಉಸಿರಾಟದಷ್ಟು ಸಹಜ. ಆದರೆ ಆ ಹೊತ್ತಿಗೆ ಗ್ಯಾರೇಜಿಗೆ ಬೇಕಿದ್ದದ್ದು ಒಂದು ಫೋನು, ಒಂದು ಆರ್ಡರು, ಒಂದು ‘ಹೂಂ, ಮಾಡು’. ಗಾಡಿಗಳು ಕೈಗಿಂತ ಹೆಚ್ಚಾಗಿ ಮಾತಿಗೆ ಕಾಯುತ್ತವೆ, ಆ ಮಾತು ಬಹುಮಟ್ಟಿಗೆ ಮಾಲೀಕರ ಬಾಯಿಂದಲೇ ಬರಬೇಕಾದದ್ದು. ಗ್ಯಾರೇಜ್ ನಡೆಸುವುದೆಂದರೆ ಈ ಕಾಯುವ ಹೊತ್ತನ್ನು ಕಡಿಮೆ ಮಾಡುವುದು ಎಂದೇ ನಾನು ತಿಳಿದಿದ್ದೇನೆ.

ಇದು ಬರೀ ಅನಿಸಿಕೆಯೋ ನಿಜವೋ ಎಂದು ಲೆಕ್ಕ ಹಾಕಿ ನೋಡಬಹುದು. ಮೂವರು ಮೆಕ್ಯಾನಿಕ್‌ಗಳು, ತಲಾ 8 ಗಂಟೆ ಎಂದರೆ ದಿನಕ್ಕೆ 24 ಗಂಟೆ ನಿಮ್ಮ ಕೈಯಲ್ಲಿದೆ. ಅದರಲ್ಲಿ ಗಾಡಿಯ ಮೇಲೆ ನಿಜವಾಗಿ ಕೆಲಸ ನಡೆದದ್ದು 15 ಗಂಟೆ, ಗಿರಾಕಿಗೆ ಬಿಲ್ ಮಾಡಿದ ಲೇಬರ್ 16 ಗಂಟೆ ಎಂದುಕೊಳ್ಳಿ. 15 ಗಂಟೆಯಲ್ಲಿ 16 ಗಂಟೆಯ ಕೆಲಸ ಮುಗಿಸಿದ್ದಾರೆ, ಅಂದರೆ ಹುಡುಗರ ಕೈ ಚುರುಕಾಗಿಯೇ ಇದೆ. ಆದರೂ 24ರಲ್ಲಿ ಮಾರಾಟವಾದದ್ದು 16, ಮೂರರಲ್ಲಿ ಎರಡು ಪಾಲು ಮಾತ್ರ. 24ರಲ್ಲಿ ಕೆಲಸ ನಡೆದ 15 ಕಳೆದರೆ ಉಳಿಯುವ 9 ಗಂಟೆ ಎಲ್ಲಿ ಹೋಯಿತು? ಇಂಥ ಕಡೆ ‘ಬೇಗ ಬೇಗ ಮುಗಿಸ್ರೋ’ ಎಂದು ಕೂಗಿದರೆ ನಟ್ಟು ಬಿಗಿಯಾಗದೆ ಗಾಡಿ ಹೊರಗೆ ಹೋಗುತ್ತದೆಯೇ ಹೊರತು ಆ 9 ಗಂಟೆ ವಾಪಸ್ ಬರುವುದಿಲ್ಲ.

ಅದನ್ನು ಹಿಡಿಯಲು ಸಾಫ್ಟ್‌ವೇರ್ ಬೇಕಿಲ್ಲ. ಪ್ರತಿ ಗಾಡಿಯ ದೂರು, ಕೆಲಸ ಬರೆಯುವ ಹಾಳೆಯ, ಅಂದರೆ ಜಾಬ್ ಕಾರ್ಡಿನ, ಹಿಂಬದಿಯಲ್ಲಿ ಕೆಲಸ ಶುರುವಾದ ಹೊತ್ತು, ನಿಂತ ಹೊತ್ತು, ಯಾಕೆ ನಿಂತಿತು ಎನ್ನುವುದನ್ನು ಬರೆಸಿ. ಕಾರಣಕ್ಕೆ ನಾಲ್ಕೇ ಪದ ಸಾಕು: ಒಪ್ಪಿಗೆ, ಪಾರ್ಟ್, ಜಾಗ, ಪ್ರಶ್ನೆ. ‘ಜಾಗ’ ಎಂದರೆ ಗಾಡಿ ಎತ್ತಿ ನಿಲ್ಲಿಸುವ ಲಿಫ್ಟ್ ಅಥವಾ ಟೂಲ್ ಖಾಲಿ ಇಲ್ಲ ಎಂದು. ‘ಪ್ರಶ್ನೆ’ ಎಂದರೆ ಮುಂದೇನು ಮಾಡಬೇಕೆಂದು ಯಾರನ್ನೋ ಕೇಳಬೇಕಿತ್ತು ಎಂದು. ಎರಡು ವಾರ ಬರೆಸಿದರೆ ನಿಮ್ಮ ಗ್ಯಾರೇಜಿನ ಕಾಯಿಲೆ ಯಾವುದೆಂದು ಕಾಣುತ್ತದೆ. ಒಂದೇ ಎಚ್ಚರಿಕೆ, ಇದು ಬಹಳ ಮುಖ್ಯ: ಆ ಹಾಳೆ ಹಿಡಿದು ಯಾರನ್ನಾದರೂ ಒಂದು ಸಲ ಬೈದಿರೋ, ಮರುದಿನದಿಂದ ಅದರಲ್ಲಿ ಬರುವ ಸಮಯವೆಲ್ಲ ಸುಳ್ಳು. ‘ನಾನು ಎಲ್ಲಿ ತಡ ಮಾಡುತ್ತಿದ್ದೇನೆ ಎಂದು ತಿಳಿಯಲು ಇದು’ ಎಂದು ಮೊದಲೇ ಹೇಳಿ, ಹೇಳಿದಂತೆ ನಡೆದುಕೊಳ್ಳಿ.

ಇನ್ನು ಜಾಬ್ ಕಾರ್ಡಿನ ಮುಂಬದಿ. ಬಹುಪಾಲು ತೊಂದರೆ ಹುಟ್ಟುವುದು ಇಲ್ಲೇ, ಗಾಡಿ ಒಳಗೆ ಬಂದ ಮೊದಲ ಐದು ನಿಮಿಷದಲ್ಲಿ. ಗಿರಾಕಿ ಬಂದು, ‘ಬೆಳಿಗ್ಗೆ ಗಾಡಿ ತೆಗೆದಾಗ ಮೊದಲ ಎರಡು ಮೂರು ಸಲ ಬ್ರೇಕ್ ಒತ್ತಿದರೆ ಮುಂದಿನ ಎಡಗಡೆ ಕಿರ್ ಅನ್ನುತ್ತೆ ಸರ್, ಆಮೇಲೆ ಬರಲ್ಲ’ ಎನ್ನುತ್ತಾರೆ. ಕಾರ್ಡಿನಲ್ಲಿ ಬೀಳುವುದು ‘ಬ್ರೇಕ್ ಚೆಕ್’ ಎಂಬ ಎರಡು ಪದ. ಮೆಕ್ಯಾನಿಕ್ ನಾಲ್ಕೂ ಚಕ್ರ ಬಿಚ್ಚುತ್ತಾನೆ, ಪ್ಯಾಡ್ ಅರ್ಧ ಸವೆದಿದೆ, ಬದಲಾಯಿಸುತ್ತಾನೆ. ಮರುದಿನ ಬೆಳಿಗ್ಗೆ ಅದೇ ಕಿರ್. ರಾತ್ರಿ ತೇವಕ್ಕೆ ಡಿಸ್ಕ್ ಮೇಲೆ ತೆಳುವಾಗಿ ತುಕ್ಕು ಕೂತು, ಮೊದಲ ಕೆಲವು ಒತ್ತಿಗೆ ಒರೆಸಿಹೋಗುವ ಶಬ್ದ ಅದು. ಪ್ಯಾಡಿನ ದಪ್ಪ ಅಳೆದು, ಡಿಸ್ಕ್ ನೋಡಿ, ವಿಷಯ ವಿವರಿಸಿ ಕಳಿಸಬಹುದಿತ್ತು. ಈಗ ದುಡ್ಡೂ ಹೋಯಿತು, ನಂಬಿಕೆಯೂ ಹೋಯಿತು, ಮೆಕ್ಯಾನಿಕ್ ಮೇಲೆ ಕೆಟ್ಟ ಹೆಸರು ಬೇರೆ. ಅವನ ತಪ್ಪೇನೂ ಇಲ್ಲ, ಕಾರ್ಡು ಹೇಳಿದ್ದನ್ನೇ ಅವನು ಮಾಡಿದ.

ಆದ್ದರಿಂದ ಗಿರಾಕಿಯ ಮಾತನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಇಂಜಿನ್ ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಯಾವ ವೇಗದಲ್ಲಿ, ತಿರುವಿನಲ್ಲೋ ನೇರ ರಸ್ತೆಯಲ್ಲೋ, ಎಷ್ಟು ದಿನದಿಂದ, ಅದಕ್ಕೆ ಮುಂಚೆ ಏನಾದರೂ ಕೆಲಸ ಮಾಡಿಸಿದ್ದರೋ, ಇಷ್ಟನ್ನು ಕೇಳಲೇಬೇಕು. 80ರಿಂದ 100 ಕಿ.ಮೀ. ವೇಗದಲ್ಲಿ ಮಾತ್ರ ಸ್ಟೀರಿಂಗ್ ನಡುಗಿದರೆ ಮೊದಲು ವೀಲ್ ಬ್ಯಾಲೆನ್ಸಿಂಗ್ ನೋಡಬೇಕು. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡಿಸ್ಕ್ ಕಡೆ ಹೋಗಬೇಕು. ಒಂದು ಪ್ರಶ್ನೆ ಮೆಕ್ಯಾನಿಕ್‌ನ ಒಂದು ಗಂಟೆ ಉಳಿಸುತ್ತದೆ. ಕಿಲೋಮೀಟರ್, ಇಂಧನದ ಮಟ್ಟ, ಹಳೆಯ ಡೆಂಟು ಗೀರು ಎಲ್ಲವನ್ನೂ ಗಿರಾಕಿಯ ಎದುರಿಗೇ ಬರೆಯಬೇಕು ಅಥವಾ ಫೋಟೋ ತೆಗೆಯಬೇಕು.

ದೋಷ ಹುಡುಕುವುದು ಬೇರೆ ಕೆಲಸ, ರಿಪೇರಿ ಬೇರೆ ಕೆಲಸ. ಎರಡನ್ನೂ ಬೇರೆ ಬೇರೆಯಾಗಿಯೇ ಬಿಲ್ ಮಾಡಬೇಕು. ನಿಲ್ಲಿಸಿದ ಗಾಡಿಯ ಬ್ಯಾಟರಿ ಡೌನ್ ಆಗುತ್ತದೆ ಎಂಬ ದೂರನ್ನೇ ತೆಗೆದುಕೊಳ್ಳಿ. ಗಾಡಿ ಲಾಕ್ ಮಾಡಿ, ಅದರೊಳಗಿನ ಪುಟ್ಟ ಕಂಪ್ಯೂಟರ್‌ಗಳು, ಅಂದರೆ ಕಂಟ್ರೋಲ್ ಯೂನಿಟ್‌ಗಳೆಲ್ಲ ನಿದ್ರೆಗೆ ಹೋಗುವವರೆಗೆ ಅರ್ಧ ಗಂಟೆ, ಕೆಲವು ಮಾಡೆಲ್‌ಗಳಲ್ಲಿ ಇನ್ನೂ ಹೆಚ್ಚು ಹೊತ್ತು ಕಾಯಬೇಕು. ಆಮೇಲೆ ಅಳೆದಾಗ ಸಾಮಾನ್ಯವಾಗಿ 50 ಮಿಲಿಆಂಪಿಯರ್ ಒಳಗೆ ಇರಬೇಕಾದ ಕರೆಂಟ್ 500 ಇದ್ದರೆ, 60 ಆಂಪಿಯರ್-ಅವರ್ ಬ್ಯಾಟರಿ 120 ಗಂಟೆಗೆ ಪೂರ್ತಿ ಬರಿದು. ಸ್ಟಾರ್ಟ್ ಆಗುವುದು ಅದಕ್ಕೂ ಎಷ್ಟೋ ಮೊದಲೇ ನಿಲ್ಲುತ್ತದೆ. ಎಲ್ಲಿ ಸೋರುತ್ತಿದೆ ಎಂದು ಸರ್ಕ್ಯೂಟ್ ಸರ್ಕ್ಯೂಟಾಗಿ ನೋಡಲು ಎರಡು ಗಂಟೆ ಹಿಡಿಯಬಹುದು. ಕೊನೆಗೆ ಸಿಗುವುದು ಅಂಟಿಕೊಂಡ ಒಂದು ರಿಲೇ, ಅಂದರೆ ಕರೆಂಟಿನಿಂದ ಆಡುವ ಒಂದು ಸ್ವಿಚ್. ಈ ಎರಡು ಗಂಟೆಯನ್ನು ಪುಕ್ಕಟೆ ಕೊಟ್ಟು ರಿಲೇ ಬೆಲೆ ಮಾತ್ರ ತೆಗೆದುಕೊಳ್ಳುವ ಮಾಲೀಕರು, ‘ಯೋಚಿಸುವ ಕೆಲಸಕ್ಕೆ ಬೆಲೆ ಇಲ್ಲ, ಪಾರ್ಟ್ ಬದಲಾಯಿಸಿದರೆ ಮಾತ್ರ ಬೆಲೆ’ ಎಂದು ತಮ್ಮ ಹುಡುಗರಿಗೇ ಪಾಠ ಹೇಳಿದಂತಾಗುತ್ತದೆ. ಮುಂದಿನ ಸಲ ಅವರು ಅಳೆಯುವುದಿಲ್ಲ, ನೇರವಾಗಿ ಬ್ಯಾಟರಿ ಬದಲಾಯಿಸುತ್ತಾರೆ.

ಗಾಡಿಯ ಕಂಪ್ಯೂಟರ್‌ನಿಂದ ದೋಷದ ಕೋಡ್ ಓದುವ ಸ್ಕ್ಯಾನರ್ ವಿಷಯದಲ್ಲೂ ಇದೇ. ಪಿ0171 ಎಂಬ ಕೋಡ್ ಹೇಳುವುದು ಇಂಜಿನ್‌ಗೆ ಗಾಳಿಗೆ ತಕ್ಕಷ್ಟು ಇಂಧನ ಸಿಗುತ್ತಿಲ್ಲ ಎಂದಷ್ಟೇ; ಯಾವ ಪಾರ್ಟ್ ಬದಲಾಯಿಸಬೇಕೆಂದು ಅದು ಹೇಳುವುದಿಲ್ಲ. ಕೋಡ್ ಕಂಡೊಡನೆ ಆಕ್ಸಿಜನ್ ಸೆನ್ಸರ್ ಹಾಕುವ ಅಭ್ಯಾಸ ನಿಮ್ಮಲ್ಲಿದ್ದರೆ ಇವತ್ತೇ ಬಿಡಿಸಿ. ಫ್ಯೂಯಲ್ ಟ್ರಿಮ್ (ಕಂಪ್ಯೂಟರ್ ಇಂಧನವನ್ನು ತಾನೇ ಎಷ್ಟು ಹೆಚ್ಚುಕಡಿಮೆ ಮಾಡುತ್ತಿದೆ ಎಂಬ ಲೆಕ್ಕ) ಐಡ್ಲಿಂಗ್‌ನಲ್ಲಿ ಶೇ. 20ರ ಮೇಲಿದ್ದು, 2,500 ಆರ್‌ಪಿಎಂಗೆ ಏರಿಸಿದಾಗ ಸೊನ್ನೆಯ ಹತ್ತಿರ ಬಂದರೆ ಎಲ್ಲೋ ವ್ಯಾಕ್ಯೂಮ್ ಲೀಕ್, ಅಂದರೆ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಸುಳುವ ಜಾಗ, ಇರುವ ಸಾಧ್ಯತೆ ಹೆಚ್ಚು. ಆರ್‌ಪಿಎಂ, ಲೋಡು ಏರಿದಂತೆ ಟ್ರಿಮ್ ಕೂಡ ಏರಿದರೆ ಪಂಪು, ಫಿಲ್ಟರ್, ಏರ್ ಫ್ಲೋ ಸೆನ್ಸರ್ ಕಡೆ ನೋಡಬೇಕು. ಮಾಲೀಕರು ಇಲ್ಲಿ ಮಾಡಬೇಕಾದದ್ದು ಒಂದೇ: ಕಾರ್ಡಿನಲ್ಲಿ ತೀರ್ಪಿನ ಮೊದಲು ರೀಡಿಂಗ್ ಬರೆಸುವುದು. ರೀಡಿಂಗ್ ಇಲ್ಲದ ಎಸ್ಟಿಮೇಟ್ ಗಿರಾಕಿಗೆ ಹೋಗಬಾರದು. ಜೊತೆಗೆ ಒಂದು ಗಡುವು ಇರಲಿ. ಒಂದು ಗಂಟೆ ಹುಡುಕಿಯೂ ದಾರಿ ಕಾಣದಿದ್ದರೆ ಮೆಕ್ಯಾನಿಕ್ ಬಂದು ಹೇಳಲೇಬೇಕು, ಹೇಳಿದ್ದಕ್ಕೆ ಯಾರೂ ಮುಖ ಸಿಂಡರಿಸಬಾರದು.

ಒಪ್ಪಿಗೆ ಕೇಳುವಾಗ ಆಗುವ ದೊಡ್ಡ ತಪ್ಪು ಕಂತು ಕಂತಾಗಿ ಫೋನ್ ಮಾಡುವುದು. ಹತ್ತು ಗಂಟೆಗೆ ಪ್ಯಾಡ್, ಹನ್ನೆರಡಕ್ಕೆ ಡಿಸ್ಕ್, ನಾಲ್ಕಕ್ಕೆ ಧೂಳು ತಡೆಯುವ ರಬ್ಬರ್ ಬೂಟು ಹರಿದಿದೆ. ಮೂರನೆಯ ಫೋನಿಗೆ ಗಿರಾಕಿಗೆ ಅನುಮಾನ ಹುಟ್ಟುವುದು ನ್ಯಾಯವೇ. ಗಾಡಿ ಪೂರ್ತಿ ನೋಡಿದ ಮೇಲೆ ಒಂದೇ ಸಲ ಹೇಳಿ: ಈಗಲೇ ಮಾಡದಿದ್ದರೆ ಅಪಾಯ ಇರುವುದು, ಕೆಲವು ತಿಂಗಳಲ್ಲಿ ಮಾಡಬೇಕಾದದ್ದು, ಸದ್ಯಕ್ಕೆ ಗಮನವಿಟ್ಟರೆ ಸಾಕಾದದ್ದು. ‘ಪ್ಯಾಡ್ ಹೋಗಿದೆ’ ಎನ್ನುವ ಬದಲು ‘2 ಮಿ.ಮೀ. ಉಳಿದಿದೆ, ಹೊಸದರಲ್ಲಿ 10ರಿಂದ 12 ಇರುತ್ತದೆ’ ಎಂದರೆ ವಾದವೇ ಇರುವುದಿಲ್ಲ.

ಪಾರ್ಟ್ಸ್ ಬಗ್ಗೆ ಎರಡೇ ಮಾತು. ಆರ್ಡರ್ ಚಾಸಿ ನಂಬರ್ ಮೇಲೆ ಹೋಗಲಿ, ಮಾಡೆಲ್ ಹೆಸರಿನ ಮೇಲೆ ಬೇಡ. ಪಾರ್ಟ್ ಬಂದೊಡನೆ ಡಬ್ಬಿ ತೆಗೆದು ನಂಬರ್ ನೋಡಿ, ಹಳೆಯದು ಹೊರಗಿದ್ದರೆ ಪಕ್ಕಕ್ಕಿಟ್ಟು ಹೋಲಿಸಿ. ಸಂಜೆ ಆರಕ್ಕೆ ಜೋಡಿಸುವಾಗ ತಪ್ಪು ಪಾರ್ಟ್ ಎಂದು ತಿಳಿದರೆ ಆ ಲಿಫ್ಟ್ ಮರುದಿನವೂ ಹೋಯಿತು. ಬೆಲೆ ಹಾಕುವಾಗ ಬಹಳ ಜನ ಎಡವುವ ಒಂದು ಲೆಕ್ಕವಿದೆ. 100ಕ್ಕೆ ತಂದ ಪಾರ್ಟನ್ನು 130ಕ್ಕೆ ಕೊಟ್ಟರೆ ಶೇ. 30 ಲಾಭ ಎಂದುಕೊಳ್ಳುತ್ತಾರೆ. ಮಾರಿದ ಬೆಲೆಯ ಮೇಲೆ ನೋಡಿದರೆ ಅದು ಶೇ. 23. ಅದರ ಮೇಲೆ ಗಿರಾಕಿ ಕೇಳಿದರೆಂದು ಶೇ. 10 ಡಿಸ್ಕೌಂಟ್ ಕೊಟ್ಟರೆ 117 ಬಂತು. 30 ಇದ್ದದ್ದು 17ಕ್ಕೆ ಇಳಿಯಿತು. ಹತ್ತು ಬಿಟ್ಟೆ ಎಂದುಕೊಂಡವರು ಲಾಭದಲ್ಲಿ ಹೆಚ್ಚುಕಡಿಮೆ ಅರ್ಧ ಬಿಟ್ಟಿರುತ್ತಾರೆ.

ಈಗ ವಾಪಸ್ ಬರುವ ಗಾಡಿಗಳು. ಇದಕ್ಕೊಂದು ಪ್ರತ್ಯೇಕ ನೋಟ್‌ಬುಕ್ ಇಡಿ. ಎರಡು ಗಂಟೆಯ ಕೆಲಸ ವಾಪಸ್ ಬಂದರೆ ಹೋಗುವುದು ಎರಡು ಗಂಟೆಯಲ್ಲ, ನಾಲ್ಕು: ಮೊದಲು ದುಡಿದ ಎರಡು, ಈಗ ಇನ್ನೊಂದು ಗಾಡಿಗೆ ಸಿಗಬೇಕಿದ್ದ ಎರಡು. ನೋಟ್‌ಬುಕ್ಕಿನಲ್ಲಿ ಕಾರಣ ಬರೆಯುವಾಗ ದೋಷ ತಪ್ಪು ಹುಡುಕಿದ್ದೋ, ಪಾರ್ಟ್ ಕೆಟ್ಟದ್ದೋ, ಕೈಕೆಲಸದ ತಪ್ಪೋ, ಗಿರಾಕಿಗೆ ಸರಿಯಾಗಿ ಹೇಳದೆ ಹೋದದ್ದೋ ಎಂದು ಬೇರ್ಪಡಿಸಿ. ಗಾಡಿಯನ್ನು ಮೊದಲು ಕೆಲಸ ಮಾಡಿದವನೇ ನೋಡಲಿ, ಪಕ್ಕದಲ್ಲಿ ಸೀನಿಯರ್ ಇರಲಿ. ಬೇರೆಯವನಿಗೆ ಕೊಟ್ಟರೆ ಮೊದಲಿನವನು ಕಲಿಯುವುದಿಲ್ಲ, ಎಲ್ಲರೆದುರು ಬೈದರೆ ಯಾರೂ ಕಲಿಯುವುದಿಲ್ಲ.

ಕೈಕೆಲಸದ ತಪ್ಪು ಹೇಗಾಗುತ್ತದೆ ಎನ್ನುವುದಕ್ಕೆ ಆಯಿಲ್ ಫಿಲ್ಟರ್ ನೋಡಿ. ಹಳೆಯ ಫಿಲ್ಟರ್ ಬಿಚ್ಚಿದಾಗ ಅದರ ರಬ್ಬರ್ ರಿಂಗ್ ಕೆಲವೊಮ್ಮೆ ಇಂಜಿನ್ನಿಗೇ ಅಂಟಿಕೊಂಡು ಉಳಿಯುತ್ತದೆ. ಕಪ್ಪು ಆಯಿಲ್ ಮೆತ್ತಿರುವುದರಿಂದ ಕಣ್ಣಿಗೆ ಕಾಣುವುದಿಲ್ಲ. ಅದರ ಮೇಲೇ ಹೊಸ ಫಿಲ್ಟರ್ ಬಿಗಿದರೆ ಎರಡು ರಿಂಗ್ ಒಂದರ ಮೇಲೊಂದು ಕೂರುತ್ತವೆ. ಗ್ಯಾರೇಜಿನಲ್ಲಿ ಐಡ್ಲಿಂಗ್ ಬಿಟ್ಟು ನೋಡಿದಾಗ ಸೋರದೆಯೂ ಇರಬಹುದು. ರಸ್ತೆಯಲ್ಲಿ ಪ್ರೆಷರ್ ಏರಿದಾಗ ರಿಂಗ್ ಜಾರಿ ಆಯಿಲ್ ಪೂರ್ತಿ ಹೊರಗೆ, ಇಂಜಿನ್ ಜಾಮ್. ಮಾಡಿದವನು ಹೊಸ ಹುಡುಗನಾಗಿರಬೇಕಿಲ್ಲ. ನೂರು ಸಲ ಮಾಡಿದವನ ಕೈಯನ್ನೂ ನಡುವೆ ಬಂದ ಒಂದು ಫೋನ್ ಕರೆ ತಪ್ಪಿಸಬಹುದು. ಅದಕ್ಕೇ ಹೊಸ ಫಿಲ್ಟರ್ ಹಾಕುವ ಮೊದಲು ಹಳೆಯದನ್ನು ತಿರುಗಿಸಿ, ರಿಂಗ್ ಅದರಲ್ಲೇ ಬಂದಿದೆಯೇ ಎಂದು ಕಣ್ಣಾರೆ ನೋಡುವುದು ಗ್ಯಾರೇಜಿನ ಕಾನೂನಾಗಬೇಕು.

ಗಾಡಿ ಹೊರಡುವ ಮುಂಚಿನ ತಪಾಸಣೆಯನ್ನು ಕೆಲಸ ಮಾಡಿದವನು ಬಿಟ್ಟು ಇನ್ನೊಬ್ಬ ಮಾಡಬೇಕು. ಉದ್ದದ ಪಟ್ಟಿ ಬೇಡ, ಉದ್ದವಾದರೆ ಓದದೆ ಟಿಕ್ ಹಾಕುತ್ತಾರೆ. ಚಕ್ರದ ನಟ್ಟುಗಳನ್ನು ಕಂಪನಿ ಹೇಳಿದ ಟಾರ್ಕಿಗೆ (ಬಿಗಿಯುವ ಬಲದ ಅಳತೆಗೆ), ನಕ್ಷತ್ರದಂತೆ ಎದುರುಬದುರಾಗಿ, ಟಾರ್ಕ್ ರೆಂಚ್‌ನಲ್ಲೇ ಬಿಗಿದಿರಬೇಕು. ಇಂಪ್ಯಾಕ್ಟ್ ಗನ್ನಿನ ಶಬ್ದ ಟಾರ್ಕ್ ಅಲ್ಲ. ಬ್ರೇಕ್ ಕೆಲಸವಾಗಿದ್ದರೆ ಗಾಡಿ ಒಂದಡಿ ಅಲುಗಾಡುವ ಮೊದಲೇ ಪೆಡಲ್ ಗಟ್ಟಿಯಾಗುವವರೆಗೆ ಒತ್ತಬೇಕು. ಹೊಸ ಪ್ಯಾಡ್ ಕೂರಿಸಲು ಬ್ರೇಕಿನ ಪಿಸ್ಟನ್ ಹಿಂದಕ್ಕೆ ತಳ್ಳಿದ್ದು ಮರೆತು ರಿವರ್ಸ್ ತೆಗೆದು, ಬ್ರೇಕ್ ಹಿಡಿಯದೆ ಗೋಡೆಗೆ ಗುದ್ದುವುದು ಗ್ಯಾರೇಜುಗಳಲ್ಲಿ ಹೊಸ ವಿಷಯವೇನಲ್ಲ. ಟಾರ್ಕ್ ರೆಂಚ್ ಕೂಡ ಸುಳ್ಳು ಹೇಳುತ್ತದೆ: ಕೆಲಸ ಮುಗಿದ ಮೇಲೆ ಅತಿ ಕಡಿಮೆ ಗುರುತಿಗೆ ಇಳಿಸಿಡಬೇಕು, 12 ತಿಂಗಳಿಗೊಮ್ಮೆ ಅಥವಾ 5,000 ಸಲ ಬಳಸಿದ ಮೇಲೆ ಕ್ಯಾಲಿಬ್ರೇಷನ್ ಮಾಡಿಸಬೇಕು.

ಕೆಲಸಗಾರರ ವಿಷಯದಲ್ಲಿ ನಾನು ಎಲ್ಲಕ್ಕಿಂತ ಮೇಲೆ ಇಡುವುದು ಒಂದೇ ಅಳತೆ. ಬೋಲ್ಟ್ ಮುರಿದಾಗ, ಥ್ರೆಡ್ ಹೋದಾಗ ಹುಡುಗ ಎಷ್ಟು ನಿಮಿಷದಲ್ಲಿ ಬಂದು ಹೇಳುತ್ತಾನೆ? ಐದು ನಿಮಿಷದಲ್ಲಿ ಬಂದರೆ ಅದು ಆರೋಗ್ಯವಂತ ಗ್ಯಾರೇಜ್. ಅಂಟು ಹಚ್ಚಿ ಮುಚ್ಚಿ ಕಳಿಸುತ್ತಾನೆ ಎಂದರೆ ಹಿಂದೆ ಯಾವಾಗಲೋ ನಿಜ ಹೇಳಿದವನಿಗೆ ಸಂಬಳ ಹಿಡಿದಿರುತ್ತೀರಿ, ಅದನ್ನು ಎಲ್ಲರೂ ನೋಡಿರುತ್ತಾರೆ. ಹೇಳಿದವನಿಗೆ ‘ಸರಿ, ಬಾ, ತೆಗೆಯೋಣ’ ಎಂಬ ಎರಡು ಮಾತು ಸಾಕು. ಮುಚ್ಚಿಟ್ಟದ್ದಕ್ಕೆ ಮಾತ್ರ ಕಠಿಣವಾಗಿರಿ.

ಇನ್ನು ಮಾಲೀಕರ ಜಾಗ. ಬೆಳಿಗ್ಗೆ ಎಲ್ಲರೂ ಗಾಡಿಗಳ ಪಟ್ಟಿ ಇರುವ ಬೋರ್ಡಿನ ಮುಂದೆ ಹತ್ತು ನಿಮಿಷ ನಿಲ್ಲಿ, ಪ್ರತಿ ಗಾಡಿಯ ಹೆಸರು ಹಿಡಿದು ‘ಇದು ಯಾವುದಕ್ಕೆ ಕಾಯುತ್ತಿದೆ, ಯಾರು ಬಿಡಿಸುತ್ತಾರೆ’ ಎಂದಷ್ಟೇ ಕೇಳಿ. ಹನ್ನೊಂದು ಗಂಟೆಯವರೆಗೆ ಸ್ಪ್ಯಾನರ್ ಮುಟ್ಟಬೇಡಿ. ದಿನದ ಒಪ್ಪಿಗೆ, ಆರ್ಡರುಗಳೆಲ್ಲ ಆ ಹೊತ್ತಿಗೆ ಮುಗಿದಿರಬೇಕು. ಸೀನಿಯರ್ ಮೆಕ್ಯಾನಿಕ್‌ಗೆ ಕೇಳದೆಯೇ ತೀರ್ಮಾನಿಸುವ ಒಂದು ಮಿತಿ ಕೊಡಿ: ವಾಪಸ್ ಬಂದ ಗಾಡಿಗೆ ಒಂದು ಗಂಟೆ ಉಚಿತ ಕೆಲಸ, ಇಷ್ಟು ಬೆಲೆಯೊಳಗಿನ ಕ್ಲಿಪ್ಪು, ವಾಷರ್, ಹೋಸ್ ಎಂದು. ಮಿತಿಯೊಳಗೆ ಅವರು ಮಾಡಿದ್ದು ನಿಮಗೆ ಹಿಡಿಸದಿದ್ದರೂ ಗಿರಾಕಿಯ ಎದುರು ತಿರುಗಿಸಬೇಡಿ.

ಇದೆಲ್ಲ ಎಷ್ಟು ಕೂತಿದೆ ಎಂದು ತಿಳಿಯಬೇಕಾದರೆ, ಕೆಲಸ ತುಂಬಿದ ಒಂದು ದಿನ ಮಧ್ಯಾಹ್ನದ ಮೇಲೆ ಗ್ಯಾರೇಜ್ ಬಿಟ್ಟು ಹೊರಗಿರಿ. ಫೋನ್ ಆನ್ ಇರಲಿ, ಜೇಬಿನಲ್ಲೊಂದು ಕಾಗದ ಇರಲಿ. ಒಳಗಿನಿಂದ ಬರುವ ಪ್ರತಿ ಕರೆಯನ್ನೂ ಬರೆದುಕೊಳ್ಳಿ: ಯಾರು, ಯಾವ ಗಾಡಿ, ಏನು ಕೇಳಿದರು. ಮರುದಿನ ಬೆಳಿಗ್ಗೆ ಬೋರ್ಡಿನ ಮುಂದೆ ಆ ಕಾಗದ ತೆಗೆದು, ಇವುಗಳಲ್ಲಿ ಯಾವುದನ್ನು ಇನ್ನು ಮುಂದೆ ನನ್ನನ್ನು ಕೇಳಬೇಕಿಲ್ಲ ಎಂದು ಒಂದೊಂದಾಗಿ ಹೊಡೆದುಹಾಕುತ್ತ ಹೋಗಿ.